ತಪ್ಪನ್ನು ಒಪ್ಪಿಕೊಳ್ಳುವ ತಂತಿ

೨೦೦೩ನೆಯ ಇಸವಿಯ ಮೇ ೧೮ರಂದು ಬೆಲ್ಜಿಯಂ ದೇಶದಲ್ಲಿ ಮಹಾಚುನಾವಣೆ ನಡೆಯಿತು. ರಾಜಧಾನಿಯಾದ ಬ್ರಸೆಲ್ಸಿಗೆ ಸೇರಿದ ಸ್ಕಾರ್‌ಬೇಕ್ ಎಂಬ ಭಾಗದಲ್ಲಿ ಮತಗಳ ಲೆಕ್ಕವನ್ನು ಗಣಕಯಂತ್ರಕ್ಕೆ ಒಪ್ಪಿಸಲಾಗಿತ್ತು. ಲೆಕ್ಕ ಮುಗಿದಾಗ ಸಣ್ಣ ಪಕ್ಷವೊಂದರ ಅಭ್ಯರ್ಥಿಗೆ ಬಿದ್ದಿದ್ದ ಮತಗಳ ಸಂಖ್ಯೆಯನ್ನು ಕಂಡು ಅಧಿಕಾರಿಗಳು ಬೆರಗಾದರು. ಅಲ್ಲಿನ ಚುನಾವಣೆಯ ಕ್ರಮದಲ್ಲಿ ಅಷ್ಟು ಮತಗಳು ಬೀಳುವುದು ಸಾಧ್ಯವೇ ಇರಲಿಲ್ಲ. ಮತ್ತೆ ಎಣಿಸಿ ನೋಡಿದಾಗ ಹೆಚ್ಚಾಗಿ ಸೇರಿದ್ದ ಮತಗಳು ಸರಿಯಾಗಿ ೪೦೯೬ ಎಂದು ತಿಳಿಯಿತು.

ಗಣಕಯಂತ್ರದ ಒಳಗುಟ್ಟನ್ನು ಬಲ್ಲವರಿಗೆ ಆ ಸಂಖ್ಯೆಯೇ ಕಳ್ಳನ ಹೆಜ್ಜೆಯ ಗುರುತಾಯಿತು. ಈ ಯಂತ್ರ ಎಲ್ಲ ಸಂಖ್ಯೆಗಳನ್ನೂ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಬರೆದುಕೊಳ್ಳುತ್ತದೆ. ಇಂಥ ಒಂದೊಂದು ಅಂಕಿಗೂ ‘ಬಿಟ್’ ಎಂದು ಹೆಸರು. ಬಲಗಡೆಯ ಮೊದಲ ಸ್ಥಾನದ ಬೆಲೆ ೧. ಅಲ್ಲಿಂದ ಎಡಕ್ಕೆ ಸರಿದಂತೆ ೨, ೪, ೮, ೧೬ ಎಂದು ಬೆಲೆ ಇಮ್ಮಡಿಸುತ್ತ ಹೋಗುತ್ತದೆ. ಹದಿಮೂರನೆಯ ಸ್ಥಾನದ ಬೆಲೆ ೪೦೯೬. ಆ ಸ್ಥಾನದಲ್ಲಿದ್ದ ಒಂದು ಸೊನ್ನೆ ಹೇಗೋ ಒಂದಾಗಿಬಿಟ್ಟಿತ್ತು! ಪರಿಶೀಲಿಸಿದ ತಜ್ಞರಿಗೆ ಎಣಿಕೆಯ ವಿಧಾನದಲ್ಲಿ ದೋಷವೇನೂ ಕಾಣಲಿಲ್ಲ. ಬಿಟ್ ಒಂದು ತಾನಾಗಿಯೇ ಮಗುಚಿಕೊಂಡಿರಬೇಕೆಂದು ಅವರು ತೀರ್ಮಾನಿಸಿದರು.

ಇಲ್ಲಿ ಒಂದು ಮಾತನ್ನು ಯೋಚಿಸಬೇಕು. ಆ ತಪ್ಪು ಸಿಕ್ಕಿಬಿದ್ದದ್ದು ಅದು ದೊಡ್ಡದಾಗಿತ್ತೆಂಬ ಕಾರಣದಿಂದ. ಹದಿಮೂರನೆಯ ಸ್ಥಾನದ ಬದಲು ಐದನೆಯ ಸ್ಥಾನ ಮಗುಚಿದ್ದರೆ ಅಭ್ಯರ್ಥಿಗೆ ಹದಿನಾರು ಮತಗಳು ಮಾತ್ರ ಹೆಚ್ಚಾಗಿರುತ್ತಿದ್ದವು. ಯಾರೂ ಸಂಶಯಪಡುತ್ತಿರಲಿಲ್ಲ; ಯಾರೂ ಮರುಎಣಿಕೆ ಮಾಡುತ್ತಿರಲಿಲ್ಲ. ಯಂತ್ರ ತಪ್ಪುವುದು ದೊಡ್ಡ ಅಪಾಯವೇನಲ್ಲ. ಅದು ತಪ್ಪಿಯೂ ಸುಮ್ಮನಿರುವುದೇ ಅಪಾಯ.

ಸ್ಕಾರ್‌ಬೇಕಿನಲ್ಲಿ ಮಗುಚಿದ ಬಿಟ್ ಯಂತ್ರದ ನೆನಪಿನ ಕೋಶದಲ್ಲಿ ತಣ್ಣಗೆ ಕುಳಿತಿದ್ದ ಅಂಕಿಯೆಂದು ತಜ್ಞರು ಬಗೆದರು. ಕುಳಿತ ಅಂಕಿಯ ಪಾಡೇ ಹೀಗಾದರೆ, ಯಂತ್ರದೊಳಗೆ ಮಿಂಚಿನ ವೇಗದಲ್ಲಿ ಓಡಾಡುವ ಅಂಕಿಗಳ ಪಾಡೇನು?

ಇದು ಬೇರೆಯ ಬಸ್ಸು

ಗಣಕಯಂತ್ರದಲ್ಲಿ ಲೆಕ್ಕ ಮಾಡುವ ಭಾಗ ಒಂದೆಡೆ, ನೆನಪಿಡುವ ಭಾಗ ಇನ್ನೊಂದೆಡೆ, ಚಿತ್ರ ತೋರಿಸುವ ಭಾಗ ಮತ್ತೊಂದೆಡೆ ಇರುತ್ತವೆ. ಇವುಗಳ ನಡುವೆ ಅಂಕಿಗಳು ಓಡಾಡುವ ಹೆದ್ದಾರಿಗೆ ‘ಬಸ್’ ಎಂದು ಹೆಸರು. ಬೀದಿಯಲ್ಲಿ ಜನರನ್ನು ತುಂಬಿಕೊಂಡು ಹೋಗುವ ಬಸ್ಸಿಗೂ ಇದಕ್ಕೂ ಹೆಸರಿನ ಮೂಲ ಒಂದೇ. ಲ್ಯಾಟಿನ್ ಭಾಷೆಯ ‘ಆಮ್ನಿಬಸ್’ ಎಂಬ ಪದಕ್ಕೆ ‘ಎಲ್ಲರಿಗಾಗಿ’ ಎಂದು ಅರ್ಥ. ಬ್ಯಾಂಕಿನ ಲೆಕ್ಕದ ಅಂಕಿ, ಆಸ್ಪತ್ರೆಯಲ್ಲಿ ತೆಗೆದ ಕ್ಷಕಿರಣ ಚಿತ್ರ, ಮಗಳ ಮದುವೆಯ ಭಾವಚಿತ್ರ—ಎಲ್ಲವೂ ಸೊನ್ನೆ ಒಂದುಗಳಾಗಿ ಈ ಹಾದಿಯಲ್ಲೇ ಸಾಗಬೇಕು.

ಇಂದಿನ ಗಣಕಯಂತ್ರಗಳಲ್ಲಿ ಬಳಕೆಯಲ್ಲಿರುವ ಇಂಥ ಹೆದ್ದಾರಿಗಳಲ್ಲಿ ಮುಖ್ಯವಾದದ್ದು ‘ಪಿಸಿಐ ಎಕ್ಸ್‌ಪ್ರೆಸ್’. ಈ ಶತಮಾನದ ಆರಂಭದಲ್ಲಿ ಇದರ ಮೊದಲ ಪೀಳಿಗೆ ಬಂದಾಗಲೇ ಒಂದೊಂದು ಓಣಿಯಲ್ಲಿ ಸೆಕೆಂಡಿಗೆ ೨೫೦ ಕೋಟಿ ಬಿಟ್‌ಗಳು ಹರಿಯುತ್ತಿದ್ದವು. ಒಂದು ಬಿಟ್‌ಗೆ ದೊರೆಯುವ ಕಾಲಾವಕಾಶದಲ್ಲಿ ಬೆಳಕು ಕೂಡ ಹನ್ನೆರಡು ಸೆಂಟಿಮೀಟರು, ಎಂದರೆ ಸುಮಾರು ಅರ್ಧ ಗೇಣು, ಮಾತ್ರ ಸಾಗಬಲ್ಲದು. ಇಂಥ ವೇಗದಲ್ಲಿ ತಂತಿಯು ಬರಿಯ ತಂತಿಯಾಗಿ ಉಳಿಯುವುದಿಲ್ಲ. ಬೆಸುಗೆ ಸರಿಯಿಲ್ಲದ ಕಡೆ ಸಂಕೇತ ಗೋಡೆಗೆ ಹೊಡೆದ ಚೆಂಡಿನಂತೆ ಹಿಂದಿರುಗುತ್ತದೆ. ಪಕ್ಕದ ತಂತಿಯ ಮಾತು ಈ ತಂತಿಗೆ ಕೇಳಿಸುತ್ತದೆ. ಹಳೆಯ ಟೆಲಿಫೋನಿನಲ್ಲಿ ಯಾರದೋ ಮನೆಯ ಸಂಭಾಷಣೆ ನಡುವೆ ಬಂದು ಸೇರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಜೋಡಣೆಯ ಕಂಡಿಯಲ್ಲಿ ಕುಳಿತ ಧೂಳು, ವಿದ್ಯುತ್ತಿನ ಸಣ್ಣ ಏರಿಳಿತ—ಯಾವುದಾದರೂ ಸಾಕು, ಒಂದು ಸೊನ್ನೆ ಒಂದಾಗಿ ತಲುಪುವುದಕ್ಕೆ.

ಈ ಹೆದ್ದಾರಿಯನ್ನು ಕಟ್ಟಿದವರು ತಪ್ಪೇ ಆಗದು ಎಂದು ಕೊಚ್ಚಿಕೊಳ್ಳಲಿಲ್ಲ. ಲಕ್ಷ ಕೋಟಿ ಬಿಟ್‌ಗಳಿಗೆ ಒಂದರಂತೆ ತಪ್ಪಬಹುದು ಎಂದು ನಿಯಮದಲ್ಲಿಯೇ ಬರೆದಿಟ್ಟರು. ಕೇಳುವುದಕ್ಕೆ ಇದು ಎಂದೋ ಒಮ್ಮೆ ಬರುವ ಗ್ರಹಣದಂತೆ ತೋರುತ್ತದೆ. ಆದರೆ ಸೆಕೆಂಡಿಗೆ ೨೫೦ ಕೋಟಿ ಬಿಟ್‌ಗಳು ಓಡುವಾಗ ಲಕ್ಷ ಕೋಟಿ ಮುಗಿಯುವುದಕ್ಕೆ ಬೇಕಾದದ್ದು ೪೦೦ ಸೆಕೆಂಡು ಮಾತ್ರ. ಹದಿನಾರು ಓಣಿಗಳಿದ್ದರೆ ೨೫ ಸೆಕೆಂಡು. ಒಳ್ಳೆಯ ಯಂತ್ರಗಳು ಇದಕ್ಕಿಂತ ಬಹಳ ಚೆನ್ನಾಗಿ ನಡೆದುಕೊಳ್ಳುತ್ತವೆ, ನಿಜ. ಆದರೂ ಗೃಹಸ್ಥನೊಬ್ಬ ಒಂದು ಲೋಟ ಕಾಫಿ ಕುಡಿದು ಮುಗಿಸುವುದರೊಳಗೆ ನಾಲ್ಕಾರು ತಪ್ಪುಗಳಾಗಬಹುದೆಂದು ಎಣಿಸಿಯೇ ಈ ಏರ್ಪಾಡನ್ನು ರಚಿಸಿದರು.

ಅಗಸನ ಲೆಕ್ಕ

ತಪ್ಪನ್ನು ಹಿಡಿಯುವ ಅತಿ ಹಳೆಯ ಉಪಾಯ ಪ್ರತಿಯೊಬ್ಬ ಗೃಹಿಣಿಗೂ ಗೊತ್ತಿರುವಂಥದೇ. ಅಗಸನಿಗೆ ಬಟ್ಟೆ ಹಾಕುವಾಗ ಆಕೆ ಎಣಿಸಿ ಬರೆದಿಟ್ಟುಕೊಳ್ಳುತ್ತಾಳೆ. ಅವನು ತಂದಾಗ ಮತ್ತೆ ಎಣಿಸಿ ತಾಳೆ ನೋಡುತ್ತಾಳೆ. ಗಣಕಯಂತ್ರ ಇನ್ನೂ ಸುಲಭವಾದ ದಾರಿ ಹಿಡಿಯಿತು. ಕಳುಹಿಸುವ ಬಿಟ್‌ಗಳಲ್ಲಿ ‘ಒಂದು’ಗಳು ಎಷ್ಟಿವೆಯೆಂದು ನೋಡಿ, ಅವು ಬೆಸವಾಗಿದ್ದರೆ ಇನ್ನೊಂದು ‘ಒಂದ’ನ್ನು ಸೇರಿಸಿ ಸಮ ಮಾಡುವುದು, ಸಮವಾಗಿದ್ದರೆ ಸೊನ್ನೆಯನ್ನು ಸೇರಿಸುವುದು. ೧೦೧೧ ಎಂಬುದರಲ್ಲಿ ಮೂರು ‘ಒಂದು’ಗಳಿವೆ, ಆದ್ದರಿಂದ ೧೦೧೧೧ ಎಂದು ಕಳುಹಿಸುವುದು. ಅತ್ತ ಕಡೆ ಎಣಿಸಿದಾಗ ಬೆಸ ಬಂದರೆ ದಾರಿಯಲ್ಲಿ ಏನೋ ಕೆಟ್ಟಿತು ಎಂದರ್ಥ. ಇದಕ್ಕೆ ‘ಪ್ಯಾರಿಟಿ’ ಎನ್ನುತ್ತಾರೆ.

ಈ ಲೆಕ್ಕಕ್ಕೂ ಅಗಸನ ಲೆಕ್ಕಕ್ಕೂ ಇರುವ ಕೊರತೆ ಒಂದೇ. ಮನೆಯ ಅಂಗಿಯೊಂದು ಕಳೆದು, ಪಕ್ಕದ ಮನೆಯ ಹೊದಿಕೆಯೊಂದು ಬಂದು ಸೇರಿದ್ದರೆ ಎಣಿಕೆ ತಾಳೆಯಾಗುತ್ತದೆ, ಬಟ್ಟೆ ಮಾತ್ರ ತಾಳೆಯಾಗುವುದಿಲ್ಲ. ಅದೇ ರೀತಿ ಎರಡು ಬಿಟ್‌ಗಳು ಒಟ್ಟಿಗೆ ಮಗುಚಿದರೆ ಪ್ಯಾರಿಟಿಯ ಕಣ್ಣಿಗೆ ಅದು ಬೀಳದು. ಮೇಲಾಗಿ ತಪ್ಪಾಗಿದೆಯೆಂದು ಅದು ಹೇಳಬಲ್ಲದೇ ಹೊರತು ಎಲ್ಲಿ ಎಂದು ಹೇಳಲಾರದು.

ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞನಿಗೆ ೧೯೪೭ರಲ್ಲಿ ಕೋಪ ಬರಿಸಿದ್ದು ಈ ಕೊರತೆಯೇ. ಅಲ್ಲಿನ ದೊಡ್ಡ ಲೆಕ್ಕದ ಯಂತ್ರ ಅವನಿಗೆ ಸಿಗುತ್ತಿದ್ದುದು ವಾರದ ಕೊನೆಯ ರಜೆಯಲ್ಲಿ ಮಾತ್ರ. ಬೇರೆ ದಿನಗಳಲ್ಲಿ ತಪ್ಪು ಕಂಡರೆ ಯಂತ್ರ ನಿಂತು ಕರೆಯುತ್ತಿತ್ತು. ನೌಕರರು ಬಂದು ಸರಿಪಡಿಸುತ್ತಿದ್ದರು. ರಜೆಯಲ್ಲಿ ನೌಕರರು ಇರುತ್ತಿರಲಿಲ್ಲ. ಆಗ ಯಂತ್ರ ತಪ್ಪು ಕಂಡೊಡನೆ ಆ ಲೆಕ್ಕವನ್ನು ಕೈಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ಸತತ ಎರಡು ವಾರ ಹ್ಯಾಮಿಂಗ್ ಸೋಮವಾರ ಬಂದು ನೋಡಿದಾಗ ಅವನ ಕೆಲಸ ಅರ್ಧಕ್ಕೇ ನಿಂತಿತ್ತು. ತಪ್ಪಿದೆಯೆಂದು ಕಂಡುಕೊಳ್ಳಬಲ್ಲ ಯಂತ್ರಕ್ಕೆ ಅದು ಎಲ್ಲಿದೆಯೆಂದು ಕಂಡುಕೊಂಡು ತಿದ್ದಿಕೊಳ್ಳುವುದೇಕೆ ಆಗಬಾರದು ಎಂದು ಅವನು ಯೋಚಿಸತೊಡಗಿದ.

ಆ ಸಿಟ್ಟಿನ ಫಲವನ್ನು ಅವನು ೧೯೫೦ರಲ್ಲಿ ಪ್ರಕಟಿಸಿದ. ನಾಲ್ಕು ಬಿಟ್‌ಗಳಿಗೆ ಒಬ್ಬ ಕಾವಲುಗಾರನ ಬದಲು ಮೂವರನ್ನು ನೇಮಿಸಿ, ಒಬ್ಬೊಬ್ಬನಿಗೂ ಬೇರೆ ಬೇರೆ ಮೂರು ಬಿಟ್‌ಗಳ ಹೊಣೆ ಕೊಟ್ಟ. ತಪ್ಪಾದಾಗ ಯಾರು ಯಾರು ಕೂಗಿದರು ಎಂಬುದನ್ನು ನೋಡಿದರೆ ತಪ್ಪಿದ ಸ್ಥಾನ ತಾನಾಗಿ ತಿಳಿಯುತ್ತದೆ. ಬಿಟ್‌ಗೆ ಇರುವುದು ಎರಡೇ ರೂಪ. ಸ್ಥಾನ ತಿಳಿದ ಮೇಲೆ ತಿದ್ದುವುದು ಎಷ್ಟರ ಕೆಲಸ? ಇಂದು ಮುಖ್ಯವಾದ ಸರ್ವರ್‌ಗಳ ನೆನಪಿನ ಕೋಶಗಳನ್ನು ಕಾಯುತ್ತಿರುವುದು ಇದೇ ವಂಶದ ಉಪಾಯಗಳು.

ಬಾಯಿ ಕಟ್ಟಿದ ಕರೆಗಂಟೆ

ಆದರೆ ಹೆದ್ದಾರಿಗೆ ಈ ಭಾಗ್ಯ ಬೇಗ ಬರಲಿಲ್ಲ. ೧೯೯೨ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ ಹಳೆಯ ‘ಪಿಸಿಐ’ ಬಸ್ಸಿನಲ್ಲಿ ೩೨ ತಂತಿಗಳು ಅಕ್ಕಪಕ್ಕ ಸಾಗುತ್ತಿದ್ದವು. ಅವುಗಳಿಗೂ ಆಜ್ಞೆಗಳನ್ನು ಒಯ್ಯುವ ಇನ್ನು ನಾಲ್ಕು ತಂತಿಗಳಿಗೂ ಸೇರಿ ಒಂದೇ ಒಂದು ಪ್ಯಾರಿಟಿ ತಂತಿ. ತಪ್ಪು ಕಂಡರೆ ದೂರು ಹೇಳುವುದಕ್ಕೆ ಎರಡು ಬೇರೆ ತಂತಿಗಳಿದ್ದವು. ಸಾಗುತ್ತಿದ್ದ ಸರಕು ಕೆಟ್ಟರೆ ಒಂದು ತಂತಿ ಅಲುಗುತ್ತಿತ್ತು. ವಿಳಾಸವೇ ಕೆಟ್ಟರೆ ಇನ್ನೊಂದು. ಈ ಭೇದ ಅರ್ಥವಿಲ್ಲದ್ದಲ್ಲ. ಪತ್ರದಲ್ಲಿ ಒಂದು ಅಕ್ಷರ ಅಳಿಸಿದರೆ ಓದುವವನಿಗೆ ತೊಂದರೆ. ವಿಳಾಸ ಅಳಿಸಿದರೆ ಒಂದು ಮನೆಯ ಗುಟ್ಟು ಇನ್ನೊಂದು ಮನೆಗೆ ಹೋಗುತ್ತದೆ. ಆದ್ದರಿಂದ ಎರಡನೆಯ ದೂರು ಬಂದಾಗ ಸಾಮಾನ್ಯವಾಗಿ ಇಡೀ ಯಂತ್ರವೇ ಕೆಲಸ ನಿಲ್ಲಿಸುತ್ತಿತ್ತು.

ಸೋಜಿಗದ ಸಂಗತಿಯೆಂದರೆ, ಸಾಧನಗಳಲ್ಲಿ ಈ ದೂರು ಕೊಡುವ ಅಧಿಕಾರವನ್ನು ಮೊದಲಿಗೆ ಮುಚ್ಚಿಯೇ ಇಡುವಂತೆ ನಿಯಮವಿತ್ತು. ಯಂತ್ರವನ್ನು ನಡೆಸುವ ತಂತ್ರಾಂಶ ಬೇಕೆಂದು ತೆರೆದರೆ ಮಾತ್ರ ದೂರು ಹೊರಬೀಳುತ್ತಿತ್ತು. ಬಾಗಿಲಿಗೆ ಕರೆಗಂಟೆ ಹಾಕಿಸಿ ಅದರ ನಾಲಿಗೆಗೆ ಬಟ್ಟೆ ಸುತ್ತಿಟ್ಟಂತಾಯಿತು. ಗಂಟೆ ಬಾರಿಸಿದರೂ ಯಂತ್ರ ತಾನಾಗಿ ಮಾಡಬಹುದಾದ್ದು ಹೆಚ್ಚೇನೂ ಇರಲಿಲ್ಲ. ಕೆಟ್ಟದ್ದನ್ನು ಮತ್ತೆ ಕೇಳಿ ಪಡೆಯುವ ಏರ್ಪಾಡು ಬಸ್ಸಿನಲ್ಲಿಯೇ ಇರಲಿಲ್ಲ.

ಸ್ವೀಕೃತಿ ಚೀಟಿ

ಪಿಸಿಐ ಎಕ್ಸ್‌ಪ್ರೆಸ್ ಬಂದಾಗ ಈ ಪದ್ಧತಿ ಬುಡಸಮೇತ ಬದಲಾಯಿತು. ಅಂಕಿಗಳನ್ನು ಬಿಡಿಬಿಡಿಯಾಗಿ ಹರಿಸುವುದರ ಬದಲು ಪೊಟ್ಟಣಗಳಾಗಿ ಕಟ್ಟಿ ಕಳುಹಿಸುವುದು ರೂಢಿಯಾಯಿತು. ಪ್ರತಿ ಪೊಟ್ಟಣಕ್ಕೂ ಒಂದು ಕ್ರಮಸಂಖ್ಯೆ, ಒಂದು ಮೊಹರು.

ಮೊಹರಿನ ಲೆಕ್ಕ ಶಾಲೆಯ ಭಾಗಾಕಾರದಂಥದೇ. ೫೨೮೩ ಎಂಬ ಸಂಖ್ಯೆಯನ್ನು ಕಳುಹಿಸಬೇಕೆಂದಿಟ್ಟುಕೊಳ್ಳೋಣ. ಇಬ್ಬರೂ ಮೊದಲೇ ಒಪ್ಪಿಕೊಂಡ ೯೭ರಿಂದ ಭಾಗಿಸಿದರೆ ಶೇಷ ೪೫ ಉಳಿಯುತ್ತದೆ. ಆ ೪೫ನ್ನೂ ಜೊತೆಗೆ ಬರೆದು ಕಳುಹಿಸುವುದು. ದಾರಿಯಲ್ಲಿ ಅಂಕಿಗಳು ಅದಲುಬದಲಾಗಿ ೫೮೨೩ ಎಂದು ತಲುಪಿದರೆ, ಅತ್ತ ಕಡೆ ಭಾಗಿಸಿದಾಗ ಶೇಷ ೩ ಬರುತ್ತದೆ, ಮೋಸ ಬಯಲಾಗುತ್ತದೆ. ಗಣಕಯಂತ್ರ ಮಾಡುವ ಭಾಗಾಕಾರದಲ್ಲಿ ಕೂಡುವಾಗ ದಶಕ ಒಯ್ಯುವ, ಕಳೆಯುವಾಗ ಸಾಲ ತರುವ ತೊಡಕುಗಳಿಲ್ಲ. ಆದ್ದರಿಂದ ತಂತಿಯ ವೇಗಕ್ಕೆ ಸರಿಯಾಗಿ ಅದು ನಡೆಯುತ್ತದೆ. ೧೯೬೧ರಲ್ಲಿ ಪೀಟರ್ಸನ್ ಮತ್ತು ಬ್ರೌನ್ ಎಂಬ ವಿದ್ವಾಂಸರು ವಿವರಿಸಿದ ಈ ‘ಚಕ್ರೀಯ’ ತಾಳೆ ಇಂದು ಎಲ್ಲೆಲ್ಲೂ ಬಳಕೆಯಲ್ಲಿದೆ. ಪಿಸಿಐ ಎಕ್ಸ್‌ಪ್ರೆಸ್ಸಿನ ಮೊಹರು ೩೨ ಬಿಟ್‌ಗಳದು. ಸಾಲಾಗಿ ೩೨ ಬಿಟ್‌ಗಳ ಉದ್ದದೊಳಗೆ ಏನು ಕೆಟ್ಟರೂ ಅದು ಖಂಡಿತವಾಗಿ ಹಿಡಿಯುತ್ತದೆ. ಅದಕ್ಕಿಂತ ಅಸ್ತವ್ಯಸ್ತವಾದ ಪೊಟ್ಟಣ ಅದರ ಕಣ್ತಪ್ಪಿಸುವ ಸಂಭವ ಸುಮಾರು ೪೨೯ ಕೋಟಿಗೆ ಒಂದು.

ಪೊಟ್ಟಣ ಸರಿಯಾಗಿ ತಲುಪಿದರೆ ಪಡೆದ ತುದಿ ಸ್ವೀಕೃತಿ ಚೀಟಿಯನ್ನು ಹಿಂದಕ್ಕೆ ಕಳುಹಿಸುತ್ತದೆ. ಕಳುಹಿಸಿದ ತುದಿ ಆ ಚೀಟಿ ಬರುವವರೆಗೆ ನಕಲನ್ನು ಎಸೆಯದೆ ಜೋಪಾನವಾಗಿ ಇಟ್ಟುಕೊಂಡಿರುತ್ತದೆ. ಪೊಟ್ಟಣ ಕೆಟ್ಟಿದ್ದರೆ ‘ಬರಲಿಲ್ಲ, ಮತ್ತೆ ಕಳುಹಿಸು’ ಎಂಬ ನಿರಾಕರಣೆಯ ಚೀಟಿ ಬರುತ್ತದೆ. ನಕಲು ಮತ್ತೆ ಹೊರಡುತ್ತದೆ. ಚೀಟಿಯೇ ದಾರಿಯಲ್ಲಿ ಕಳೆದುಹೋದರೆ? ಅದಕ್ಕೂ ಒಂದು ಗಡಿಯಾರವಿದೆ. ಅವಧಿ ಮೀರಿದರೆ ಕೇಳದೆಯೇ ಮತ್ತೆ ಕಳುಹಿಸುವುದು. ಅದೇ ಪೊಟ್ಟಣ ಎರಡು ಬಾರಿ ತಲುಪಿದರೆ ಕ್ರಮಸಂಖ್ಯೆಯನ್ನು ನೋಡಿ ಎರಡನೆಯದನ್ನು ಬಿಟ್ಟುಬಿಡುವುದು. ಇಷ್ಟಾದರೂ ಮತ್ತೆ ಮತ್ತೆ ಹಾಗೆಯೇ ಆಗುತ್ತಿದ್ದರೆ, ನಾಲ್ಕನೆಯ ಸಲಕ್ಕೆ ಎರಡು ತುದಿಗಳೂ ಮಾತು ನಿಲ್ಲಿಸಿ, ಸಂಗೀತಗಾರರು ಕಛೇರಿಯ ನಡುವೆ ಶ್ರುತಿ ಸರಿಮಾಡಿಕೊಳ್ಳುವಂತೆ, ಒಬ್ಬರಿಗೊಬ್ಬರು ಹೊಂದಿಕೊಳ್ಳುವ ಪಾಠವನ್ನು ಮೊದಲಿನಿಂದ ಆರಂಭಿಸುತ್ತವೆ.

ಇಷ್ಟೆಲ್ಲ ನಡೆಯುವುದು ಕಣ್ಣೆವೆ ಇಕ್ಕುವುದಕ್ಕಿಂತ ಎಷ್ಟೋ ಬೇಗ. ಯಂತ್ರದ ಮುಂದೆ ಕುಳಿತವರಿಗೆ ಯಾವುದೂ ತಿಳಿಯುವುದಿಲ್ಲ.

ತಪ್ಪಿಗೆ ಹೊಸ ಮೊಹರು

ಇಷ್ಟು ಭದ್ರವಾದ ಕೋಟೆಗೂ ಒಂದು ಕಿಂಡಿಯಿದೆ. ಹೆದ್ದಾರಿಯ ನಡುವೆ ದಾರಿಗಳು ಕವಲೊಡೆಯುವ ಕಡೆ ‘ಸ್ವಿಚ್’ ಎಂಬ ಠಾಣೆಗಳಿರುತ್ತವೆ. ಪೊಟ್ಟಣ ಅಲ್ಲಿಗೆ ಬಂದಾಗ ಮೊಹರನ್ನು ಪರೀಕ್ಷಿಸಿ, ಹೊಸ ಕ್ರಮಸಂಖ್ಯೆ ಕೊಟ್ಟು, ಮುಂದಿನ ದಾರಿಗೆ ಹೊಸ ಮೊಹರು ಒತ್ತಿ ಕಳುಹಿಸುತ್ತಾರೆ. ಠಾಣೆಯ ಒಳಗೇ, ಹಳೆಯ ಮೊಹರು ಒಡೆದು ಹೊಸದನ್ನು ಒತ್ತುವ ಮಧ್ಯದ ಕ್ಷಣದಲ್ಲಿ ಬಿಟ್ ಮಗುಚಿದರೆ, ಕೆಟ್ಟ ಸರಕಿನ ಮೇಲೆಯೇ ಒಳ್ಳೆಯ ಮೊಹರು ಬೀಳುತ್ತದೆ. ಅಲ್ಲಿಂದ ಮುಂದೆ ಪ್ರತಿ ಠಾಣೆಯೂ ಅದನ್ನು ಸಾಚಾ ಎಂದೇ ಸಾಗಿಸುತ್ತದೆ.

ಇದು ಕೇವಲ ಊಹೆಯ ಭಯವಲ್ಲ. ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಜಾಲದಲ್ಲಿ ಇಂಥದೇ ಘಟನೆಯೊಂದು ನಡೆದದ್ದನ್ನು ಸಾಲ್ಟ್ಸರ್, ರೀಡ್ ಮತ್ತು ಕ್ಲಾರ್ಕ್ ಎಂಬ ವಿದ್ವಾಂಸರು ೧೯೮೪ರ ತಮ್ಮ ಪ್ರಸಿದ್ಧ ಲೇಖನದಲ್ಲಿ ದಾಖಲಿಸಿದ್ದಾರೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಹಲವು ಜಾಲಗಳನ್ನು ಕೂಡಿಸುವ ಠಾಣೆಯ ಯಂತ್ರಗಳಿದ್ದವು. ಪ್ರತಿ ಹಂತದ ದಾರಿಗೂ ತಾಳೆ ನೋಡುವ ಏರ್ಪಾಡಿತ್ತು. ಅಲ್ಲಿನವರು ಅದನ್ನು ನಂಬಿ ನಿಶ್ಚಿಂತರಾಗಿದ್ದರು. ಆದರೆ ಒಂದು ಠಾಣೆಯ ಯಂತ್ರ, ತಾನು ಪಡೆದುದನ್ನು ಒಳಗೊಳಗೇ ಎತ್ತಿಡುವಾಗ, ಸುಮಾರು ಹತ್ತು ಲಕ್ಷ ಅಕ್ಷರಗಳಿಗೆ ಒಮ್ಮೆ ಎರಡು ಅಕ್ಷರಗಳನ್ನು ಅದಲುಬದಲು ಮಾಡುತ್ತಿತ್ತು. ಯಂತ್ರದ ಆಡಳಿತಸೂತ್ರದ ಮೂಲ ಬರಹಗಳೇ ಆ ದಾರಿಯಲ್ಲಿ ಪದೇ ಪದೇ ಓಡಾಡಿ ಕೆಟ್ಟುಹೋದವು. ಕಡೆಗೆ ಅವುಗಳನ್ನು ಬರೆದವರು ಹಳೆಯ ಅಚ್ಚಿನ ಪ್ರತಿಗಳನ್ನು ತೆಗೆದು, ಕಣ್ಣಿನಿಂದ ಸಾಲುಸಾಲಾಗಿ ಹೋಲಿಸಿ ತಿದ್ದಬೇಕಾಯಿತು.

ದಾರಿ ದಾರಿಗೆ ಕಾವಲಿದ್ದರೆ ಸಾಲದು, ಹೊರಟ ಮನೆಯಿಂದ ಸೇರುವ ಮನೆಯವರೆಗೆ ಒಡೆಯದ ಒಂದು ಮೊಹರು ಬೇಕು ಎಂಬುದು ಅವರು ಕಲಿಸಿದ ಪಾಠ. ಪಿಸಿಐ ಎಕ್ಸ್‌ಪ್ರೆಸ್ಸಿನಲ್ಲಿ ಇಂಥ ಎರಡನೆಯ ಮೊಹರಿಗೂ ಸ್ಥಳವಿದೆ. ನಡುವಿನ ಠಾಣೆಗಳು ಅದನ್ನು ಮುಟ್ಟುವುದಿಲ್ಲ. ಆದರೆ ಅದು ಕಡ್ಡಾಯವಲ್ಲ. ಬೇಕೆಂದವರು ಮಾತ್ರ ಇಟ್ಟುಕೊಳ್ಳಬಹುದು.

ನಿಲ್ಲಬೇಕೆ, ನಡೆಯಬೇಕೆ?

ತಪ್ಪು ಕಂಡ ಮೇಲೆ ಏನು ಮಾಡಬೇಕೆಂಬುದು, ಕಾಣುವುದಕ್ಕಿಂತ ಕಷ್ಟದ ಪ್ರಶ್ನೆ. ಹಳೆಯ ಯಂತ್ರಗಳಿಗೆ ಒಂದೇ ಉತ್ತರ ಗೊತ್ತಿತ್ತು. ೧೯೮೧ರ ಐಬಿಎಂ ಪರ್ಸನಲ್ ಕಂಪ್ಯೂಟರ್ ತನ್ನ ನೆನಪಿನಲ್ಲಿ ಪ್ಯಾರಿಟಿ ತಪ್ಪಿದೆಯೆಂದು ಕಂಡರೆ, ಹಾಗೆಂದು ಪರದೆಯ ಮೇಲೆ ಬರೆದು ಅಲ್ಲಿಯೇ ನಿಂತುಬಿಡುತ್ತಿತ್ತು. ಅರ್ಧ ಬರೆದ ಪತ್ರವಾಗಲಿ ತಿಂಗಳ ಲೆಕ್ಕವಾಗಲಿ ಅಲ್ಲಿಗೇ ಮುಗಿಯಿತು. ಒರಟಾದರೂ ಪ್ರಾಮಾಣಿಕವಾದ ನಡೆ ಅದು. ಸುಳ್ಳು ಲೆಕ್ಕ ಕೊಡುವುದಕ್ಕಿಂತ ಕೊಡದಿರುವುದೇ ಲೇಸೆಂಬ ನಿಲುವು.

ಈಗಿನ ಬಸ್ಸಿಗೆ ವಿವೇಚನೆ ಹೆಚ್ಚು. ಅದು ತಪ್ಪುಗಳನ್ನು ಮೂರು ದರ್ಜೆಯಾಗಿ ವಿಂಗಡಿಸುತ್ತದೆ. ಮರುಕಳುಹಿಸುವುದರಿಂದ ಸರಿಹೋದವು ಮೊದಲ ದರ್ಜೆ. ಒಂದು ಕೆಲಸ ಕೆಟ್ಟರೂ ಹಾದಿ ಚೆನ್ನಾಗಿದೆಯೆನ್ನುವಂಥವು ಎರಡನೆಯದು. ಹಾದಿಯನ್ನೇ ನಂಬುವಂತಿಲ್ಲ ಎನ್ನುವಂಥವು ಮೂರನೆಯದು. ಮೊದಲನೆಯದನ್ನು ದಾಖಲೆಯಲ್ಲಿ ಬರೆದಿಟ್ಟು ಮುಂದೆ ಹೋಗುವುದು. ಎರಡನೆಯದಕ್ಕೆ ಆ ಕೆಲಸವನ್ನು ಮಾತ್ರ ಬಿಡುವುದು. ಮೂರನೆಯದಕ್ಕೆ ಹಾದಿಯನ್ನೇ ಮುಚ್ಚುವುದು.

ಮೊದಲ ದರ್ಜೆಯವು ಸರಿಹೋದವಲ್ಲ, ಬರೆದಿಡುವುದೇಕೆ ಎಂದು ಕೇಳಬಹುದು. ಎಂದೋ ಒಮ್ಮೆ ಕೆಮ್ಮಿದರೆ ಚಿಂತೆಯಿಲ್ಲ. ದಿನವೂ ಹೆಚ್ಚುತ್ತಿರುವ ಕೆಮ್ಮನ್ನು ಮನೆಯ ಹಿರಿಯರು ಕಡೆಗಣಿಸುವುದಿಲ್ಲ. ನಿನ್ನೆ ಹತ್ತಿದ್ದ ತಪ್ಪುಗಳು ಇಂದು ಸಾವಿರವಾದರೆ, ಯಾವುದೋ ಜೋಡಣೆ ಸಡಿಲವಾಗಿದೆ ಅಥವಾ ಹಲಗೆ ಬಿಸಿಯಾಗುತ್ತಿದೆ ಎಂದು ತಿಳಿದವನು ಯಂತ್ರ ಕೈಕೊಡುವ ಮೊದಲೇ ಎಚ್ಚರಗೊಳ್ಳುತ್ತಾನೆ.

ಇನ್ನೊಂದು ಏರ್ಪಾಡು ಮನಸ್ಸಿಗೆ ಹಿಡಿಸುವಂಥದು. ಕಳುಹಿಸುವ ಭಾಗಕ್ಕೇ ತನ್ನಲ್ಲಿರುವ ಸರಕು ಕೆಟ್ಟಿದೆಯೆಂದು ತಿಳಿದಾಗ, ಅದು ಪೊಟ್ಟಣದ ಮೇಲೆ ‘ಇದು ವಿಷ’ ಎಂಬ ಅರ್ಥದ ಒಂದು ಗುರುತು ಹಾಕಿ ಕಳುಹಿಸಬಲ್ಲದು. ಪೊಟ್ಟಣ ಸೇರಬೇಕಾದಲ್ಲಿ ಸೇರುತ್ತದೆ, ಪಡೆದವನು ಮೋಸಹೋಗುವುದಿಲ್ಲ. ಅಂಕಿ ಚಿತ್ರದ ಒಂದು ಚುಕ್ಕೆಯಾಗಿದ್ದರೆ ಬಿಟ್ಟುಬಿಡಬಹುದು; ಬ್ಯಾಂಕಿನ ಲೆಕ್ಕವಾಗಿದ್ದರೆ ಕೆಲಸ ನಿಲ್ಲಿಸಬಹುದು. ಆ ತೀರ್ಮಾನ ಪಡೆದವನದು.

ಹ್ಯಾಮಿಂಗನ ಪ್ರಶ್ನೆಗೆ ಉತ್ತರ

೨೦೨೨ರ ಜನವರಿಯಲ್ಲಿ ಪಿಸಿಐ ಎಕ್ಸ್‌ಪ್ರೆಸ್ಸಿನ ಆರನೆಯ ಪೀಳಿಗೆಯ ನಿಯಮಗಳು ಪ್ರಕಟವಾದವು. ಓಣಿಯೊಂದರ ವೇಗ ಸೆಕೆಂಡಿಗೆ ೬,೪೦೦ ಕೋಟಿ ಬಿಟ್‌ಗಳಿಗೆ ಏರಿತು. ಇದಕ್ಕಾಗಿ ತಂತಿಯ ಮೇಲೆ ಎರಡರ ಬದಲು ನಾಲ್ಕು ಮಟ್ಟದ ವೋಲ್ಟೇಜುಗಳನ್ನು ಬಳಸಬೇಕಾಯಿತು. ಮೆಟ್ಟಿಲುಗಳು ಹತ್ತಿರವಾದಷ್ಟೂ ಕಾಲು ತಪ್ಪುವುದು ಹೆಚ್ಚು. ಹಿಂದೆ ಲಕ್ಷ ಕೋಟಿಗೆ ಒಂದಾಗಿದ್ದ ತಪ್ಪನ್ನು ಈಗ ಹತ್ತು ಲಕ್ಷಕ್ಕೆ ಒಂದರವರೆಗೆ ಸಹಿಸಬೇಕೆಂದಾಯಿತು. ಪ್ರತಿ ತಪ್ಪಿಗೂ ಮತ್ತೆ ಕಳುಹಿಸುತ್ತ ಕುಳಿತರೆ ಹೊಸ ವೇಗವೆಲ್ಲ ಮರುಕಳುಹಿಸುವುದರಲ್ಲೇ ಸವೆದುಹೋಗುತ್ತಿತ್ತು.

ಆದ್ದರಿಂದ ೨೫೬ ಬೈಟುಗಳ ಪ್ರತಿ ಪೊಟ್ಟಣದಲ್ಲೂ ಆರು ಬೈಟುಗಳನ್ನು ತಪ್ಪು ತಿದ್ದುವುದಕ್ಕಾಗಿ, ಎಂಟು ಬೈಟುಗಳನ್ನು ತಾಳೆ ನೋಡುವುದಕ್ಕಾಗಿ ಮೀಸಲಿಟ್ಟರು. ತಲುಪಿದ ಕೂಡಲೆ ತಾನೇ ತಿದ್ದಿಕೊಳ್ಳುವುದು. ತಿದ್ದಿದ್ದು ಸರಿಯೇ ಎಂದು ಮೊಹರಿನಿಂದ ಪರೀಕ್ಷಿಸುವುದು. ಆಗಲೂ ತಾಳೆಯಾಗದಿದ್ದರೆ ಮಾತ್ರ ಮತ್ತೆ ಕೇಳುವುದು. ತಪ್ಪನ್ನು ಕಂಡ ಯಂತ್ರವೇ ಅದನ್ನು ತಿದ್ದಿಕೊಳ್ಳಬಾರದೇಕೆ ಎಂದು ೧೯೪೭ರಲ್ಲಿ ಒಬ್ಬ ಗಣಿತಜ್ಞ ಸಿಟ್ಟಿನಿಂದ ಕೇಳಿದ ಪ್ರಶ್ನೆ ಎಪ್ಪತ್ತೈದು ವರ್ಷಗಳ ಅನಂತರ ಈ ಹೆದ್ದಾರಿಗೂ ಬಂದು ಸೇರಿತು.

ತಿದ್ದಿದ ಮೇಲೂ ಮೊಹರನ್ನು ಮಾತ್ರ ಅವರು ಕೈಬಿಡಲಿಲ್ಲವೆಂಬುದನ್ನು ಗಮನಿಸಬೇಕು. ತಿದ್ದುವವನೂ ತಪ್ಪಬಹುದು. ಸ್ಕಾರ್‌ಬೇಕಿನ ಆ ಅಭ್ಯರ್ಥಿಗೆ ಹೆಚ್ಚಾಗಿ ಬಂದ ೪೦೯೬ ಮತಗಳನ್ನು ಹಿಡಿದದ್ದು ಯಂತ್ರವಲ್ಲ. ಇಷ್ಟು ಮತಗಳು ಬೀಳುವುದು ಹೇಗೆ ಸಾಧ್ಯ ಎಂದು ಕೇಳಿದ ಮನುಷ್ಯರು. ಯಂತ್ರಕ್ಕೆ ಎಷ್ಟು ಕಾವಲುಗಳನ್ನು ಇಟ್ಟರೂ ಆ ಕಡೆಯ ಕಾವಲು ಮನುಷ್ಯನ ಪಾಲಿಗೇ ಉಳಿದಿದೆ.